ಬೀಳುವುದನ್ನು ಕಲಿಸಿದವರು

ಬಿದ್ದ ಮಕ್ಕಳನ್ನು ಎತ್ತದಿರುವುದಕ್ಕೇ ನಮ್ಮ ಶಾಲೆಯಲ್ಲಿ ಪ್ರಸಿದ್ಧರಾಗಿದ್ದವರು ಆಟದ ಟೀಚರ್. ಅಂಗವಿಕಲ ಮಕ್ಕಳಿಗೆ ಅವರವರ ದೇಹಕ್ಕೆ ಒಗ್ಗುವಂತೆ ಆಟಗಳನ್ನೂ ವ್ಯಾಯಾಮವನ್ನೂ ಮಾರ್ಪಡಿಸಿ ಕಲಿಸುವುದರಲ್ಲೇ ಇಪ್ಪತ್ತೆಂಟು ವರ್ಷ ಸವೆಸಿದ ಆ ಕೃಶಕಾಯದ ಹೆಂಗಸು, ಯಾರದೋ ಅಳತೆಗೆ ಹೊಲಿದಂತಿದ್ದ ದೊಗಲೆ ಕೋಟು ತೊಟ್ಟು, ಅದರ ಜೇಬುಗಳಲ್ಲಿ ಗೆಜ್ಜೆ ತುಂಬಿದ ಚೆಂಡು, ಸೀಮೆಸುಣ್ಣ, ಹಗ್ಗದ ತುಂಡುಗಳನ್ನು ತುರುಕಿಕೊಂಡು ದಾಪುಗಾಲಿಟ್ಟು ಬಂದರೆ, ಕಣ್ಣು ಕಾಣದ ಮಕ್ಕಳು ಆ ಸದ್ದಿಗೇ ಸಾಲಾಗಿ ನಿಲ್ಲುತ್ತಿದ್ದರು. ಮೊದಲ ತಿಂಗಳಿಡೀ ಒಂದೇ ಪಾಠ, ಬೀಳುವುದು. ಗಲ್ಲ ಎದೆಗೆ ಒತ್ತಬೇಕು, ಕೈ ಊರಬಾರದು, ಪಕ್ಕಕ್ಕೆ ಉರುಳಬೇಕು. ಬಿದ್ದವರ ಬಳಿ ನಿಂತು, “ಅವಸರ ಇಲ್ಲ, ನೆಲ ಎಲ್ಲಿಗೂ ಓಡಿಹೋಗಲ್ಲ” ಎನ್ನುವರು. ನಾವು ಸಹೋದ್ಯೋಗಿಗಳು ಅವರಿಗೆ ಇಟ್ಟಿದ್ದ ಹೆಸರು ಕಲ್ಲುಬಂಡೆ. ಇಟ್ಟವರಲ್ಲಿ ಗಣಿತದ ಮೇಷ್ಟ್ರಾದ ನಾನೇ ಮೊದಲಿಗ.

ಊರುಗೋಲಿನಲ್ಲಿ ನಡೆಯುವ ನನ್ನ ತಂಗಿಯ ಮಗಳು ನಮ್ಮ ಶಾಲೆಗೆ ಸೇರಿದಾಗ ನನಗೆ ಪೀಕಲಾಟಕ್ಕಿಟ್ಟುಕೊಂಡಿತು. ಅವಳ ಜೊತೆಗೆ ಆಟದಿಂದ ವಿನಾಯಿತಿ ಕೊಡುವ ಡಾಕ್ಟರ ಚೀಟಿಯೂ ಬಂದಿತ್ತು. ಅದೇ ಚೀಟಿಯ ದೆಸೆಯಿಂದ ಹಿಂದಿನ ಶಾಲೆಯಲ್ಲಿ ಆ ಮಗು ನಾಲ್ಕು ವರ್ಷ ಆಡುವವರ ಬ್ಯಾಗು ಕಾಯ್ದಿತ್ತು. ಚೀಟಿ ಬದಿಗಿಟ್ಟು ಅವಳನ್ನು ಆಡಿಸಿ ನೋಡಲು ಟೀಚರ್ ಎರಡು ತಿಂಗಳ ಗಡುವು ಕೇಳಿದರು. ಒಂದು ಸಲ ಏಟಾದರೂ ಬಿಡಿಸಿಬಿಡುತ್ತೇನೆಂದು ಗುಡುಗಿಯೇ ತಂಗಿ ಒಪ್ಪಿದಳು.

ಬೀಳುವಾಗ ಹಿಡಿದರೆ ಗಂಟೇನು ಹೋಗುತ್ತದೆಂದು ನಾನೊಮ್ಮೆ ಟೀಚರನ್ನು ಕೇಳಿದೆ.

“ಹೊಸದರಲ್ಲಿ ಒಬ್ಬ ಹುಡುಗನ್ನ ಹಿಡಿದೆ ಸಾರ್. ಅವನು ಸರಿಯಾಗೇ ಬೀಳ್ತಿದ್ದ. ನಾನು ಎಳೆದಿದ್ದಕ್ಕೆ ಭುಜ ಕಳಚ್ತು. ಅವರಮ್ಮ ನಾನೇ ಕಾಪಾಡಿದೆ ಅಂದ್ಕೊಂಡು, ನನಗೇ ಕೈಮುಗಿದು ಉಪಕಾರ ಆಯ್ತು ಅಂದ್ರು” ಎಂದು ಅತ್ತ ತಿರುಗಿದರು.

ಗಡುವಿನ ದಿನ ತಂಗಿ ನೋಡಲು ಬಂದಳು. ಚೆಂಡಿನ ಬೆನ್ನು ಹತ್ತಿದ್ದ ಹುಡುಗಿ ತಿರುಗುವಾಗ ಊರುಗೋಲು ಜಾರಿ ಧೊಪ್ಪನೆ ಬಿದ್ದಳು. ತಂಗಿ ಚೀರಿ ಓಡಿದಳು. ಟೀಚರ್ ಅಡ್ಡ ನಿಂತು, “ಒಂದೇ ನಿಮಿಷ ಇರಿ” ಎಂದರು. ಅವರ ಹಿಂದೆಯೇ ಇದ್ದ ನಾನು ಕಂಡದ್ದನ್ನು ಮರೆಯಲಾರೆ: ಬೆನ್ನ ಹಿಂದೆ ಅವರ ಬಲಗೈ ಎಡಗೈಯ ಮಣಿಕಟ್ಟನ್ನು, ಅದು ಮುಂದಕ್ಕೆ ಚಾಚದಂತೆ, ಬಿಗಿಯಾಗಿ ಹಿಡಿದಿತ್ತು.

ಹುಡುಗಿ ಉರುಳಿದಳು, ಕೋಲನ್ನು ಎಳೆದುಕೊಂಡಳು, ಮೊಣಕಾಲೂರಿ ಎದ್ದಳು. ಎದ್ದವಳೇ ರೇಗಿದಳು: “ಅಮ್ಮ, ಆ ಕಡೆ ಸರಿ! ಚೆಂಡು ನಿನ್ನ ಹಿಂದೆ ಹೋಯ್ತು!”

ತಂಗಿ ಅಳುತ್ತ, ನಗುತ್ತ ಸರಿದಳು. “ಅಣ್ಣ, ಆ ಚೀಟಿ ಹರಿದುಹಾಕು” ಎಂದಳು. ಟೀಚರ್ ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತು, “ಅಬ್ಬಾ, ಜೀವ ಬಾಯಿಗೆ ಬಂದಿತ್ತು ಸಾರ್. ಒಂಚೂರು ನೀರು ಕೊಡಿ” ಎಂದರು. ಎರಡು ತಿಂಗಳ ನನ್ನ ಎದೆಭಾರ ಇಳಿಯಿತು. ನೀರು ತರಲು ಹೋಗುವಾಗ ನಾಚಿಕೆಯೂ ಆಯಿತು.

ಅಯ್ಯೋ ಪಾಪ ಎನ್ನುವವರಿಗೆ ಲೋಕದಲ್ಲಿ ಬರವಿಲ್ಲ. ಮಗು ತಾನಾಗಿ ಏಳುವ ತನಕ ತಮ್ಮ ಕರುಳನ್ನು ಕಟ್ಟಿಹಾಕಿ ಕಾಯಬಲ್ಲ ಗುರುಗಳು ವಿರಳ. ಅವರ ವಾತ್ಸಲ್ಯ ಮಗುವಿನ ಕಣ್ಣಿಗೆ ಕಾಣುವುದೇ ಇಲ್ಲ. ಕಾಣಬಾರದೆಂದೇ ಅವರ ಶ್ರಮವೆಲ್ಲ.