ಮೊದಲಿದ್ದ ಹಾಗೇ

ಹಾಲಿನ ಸಂಘದ ಅಧ್ಯಕ್ಷರು ಕುರ್ಚಿಯ ತುದಿಯಲ್ಲಿ ಕೂತು, ಮೊಣಕಾಲಿಗೆ ಕೈಯೂರಿ ಕಂಪ್ಯೂಟರಿನ ಪರದೆಯನ್ನೇ ನೋಡುತ್ತಿದ್ದರು. ಅದರಲ್ಲಿದ್ದದ್ದು ಅವರ ಸಂಘ ಕಟ್ಟಿಸಬೇಕೆಂದಿದ್ದ ಹೊಸ ಕಟ್ಟಡ. ನಕ್ಷೆಯಕ್ಕ ಮೌಸ್ ಎಳೆದಳು. ಕಟ್ಟಡ ತಿರುಗಬೇಕಿತ್ತು, ತಿರುಗಲಿಲ್ಲ. ಸ್ವಲ್ಪ ಹೊತ್ತು ಯೋಚನೆ ಮಾಡುವವರ ಹಾಗೆ ಸುಮ್ಮನಿದ್ದು, ಒಮ್ಮೆಗೇ ಜಿಗಿದು, ಬಾಗಿಲನ್ನು ಅರ್ಧ ತೋರಿಸಿ ನಿಂತುಬಿಟ್ಟಿತು.

"ಏನಮ್ಮ, ಒಳಗೆ ಕರ್ಕೊಂಡು ಹೋಗ್ತೀನಿ ಅಂದೆ, ಹೊಸ್ತಿಲಲ್ಲೇ ನಿಲ್ಲಿಸಿಬಿಟ್ಟೆಯಲ್ಲ," ಅಂದರು ಅಧ್ಯಕ್ಷರು. "ನಮ್ಮ ಮುದಿ ಹಸೂನೂ ಇಷ್ಟು ಮೊಂಡಲ್ಲ. ಬಾಲ ತಿರುಚಿದ್ರೆ ಎರಡು ಹೆಜ್ಜೆಯಾದ್ರೂ ಇಡುತ್ತೆ."

"ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕ್ಸಿದೀನಿ ಅಧ್ಯಕ್ಷರೇ. ಚಿತ್ರ ಬೇಗ ತಿರುಗಲಿ ಅಂತಾನೇ ಹಾಕ್ಸಿದ್ದು."

"ಹಾಕ್ಸಿದ ಮೇಲೆ ಇದಾ?" ಅವರು ಎದ್ದು ಪಂಚೆ ಕೊಡವಿಕೊಂಡರು. "ನೋಡಮ್ಮ, ಗುರುವಾರ ಸಂಘದ ಹೆಂಗಸರನ್ನೆಲ್ಲ ಕರ್ಕೊಂಡು ಬರ್ತೀನಿ. ಕಾಗದದ ಮೇಲಿನ ಗೆರೆ ಅವರಿಗೂ ತಿಳಿಯಲ್ಲ, ನನಗೂ ತಿಳಿಯಲ್ಲ. ಒಳಗೆ ಓಡಾಡಿದ ಹಾಗೆ ತೋರಿಸಿದ್ರೆ ಒಪ್ತಾರೆ. ಅವತ್ತೂ ಹೀಗೇ ಆದ್ರೆ ಕೆಲಸ ಪೇಟೆಯ ನಕ್ಷೆಯವನಿಗೆ ಕೊಡ್ತೀವಿ. ಮನಸ್ಸಿಗೆ ಹಚ್ಕೋಬೇಡ."

ಮನಸ್ಸಿಗೆ ಹಚ್ಚಿಕೊಳ್ಳದೆ ಇನ್ನೆಲ್ಲಿಗೆ ಹಚ್ಚಿಕೊಳ್ಳುವುದು? ಹಿಂಡಿ ಮೂಟೆ ಇಡುತ್ತಿದ್ದ ಮುಂದಿನ ಕೋಣೆಯನ್ನು ಗುಡಿಸಿ, ಮೇಜು ಹಾಕಿ, ಅವಳು ನಕ್ಷೆ ಬರೆಯಲು ಕೂತು ವರ್ಷಗಳಾಗಿದ್ದವು. ಸುತ್ತಲಿನ ಎಷ್ಟೋ ಕೊಟ್ಟಿಗೆ, ಎಷ್ಟೋ ಮನೆ ಮೊದಲು ಎದ್ದದ್ದು ಈ ಕೋಣೆಯಲ್ಲೇ. ಹೆತ್ತವರಿಟ್ಟ ಹೆಸರು ಮರೆತು ಊರೆಲ್ಲ ನಕ್ಷೆಯಕ್ಕ ಅನ್ನುತ್ತಿತ್ತು. ಆದರೆ ನಾಲ್ಕು ಜನ ಕೂಡುವ ಕಟ್ಟಡವನ್ನು ಅವಳ ಕೈಗೆ ಯಾರೂ ಕೊಟ್ಟಿರಲಿಲ್ಲ. ಇದೇ ಮೊದಲು.

ಮರುದಿನ ಗಂಡನ ಹಾಲಿನ ವ್ಯಾನಿನಲ್ಲಿ ಕ್ಯಾನುಗಳ ನಡುವೆ ಕಂಪ್ಯೂಟರಿನ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ಪೇಟೆಗೆ ಹೋದಳು. ಕಾರ್ಡ್ ಮಾರಿ, ಡಬ್ಬದೊಳಗೆ ಕೂರಿಸಿಕೊಟ್ಟಿದ್ದ ಅಂಗಡಿಯವನು ಡಬ್ಬವನ್ನು ತನ್ನ ಮೇಜಿನ ಮೇಲೆ ಅಡ್ಡ ಮಲಗಿಸಿ, ತನ್ನದೇ ಪರದೆಯ ವೈರನ್ನು ಸಿಕ್ಕಿಸಿ, ಅವಳ ಕಟ್ಟಡವನ್ನೇ ತೆರೆದ. ಕುಂಬಾರನ ಚಕ್ರದ ಮೇಲಿನ ಮಣ್ಣಿನ ಹಾಗೆ ಅದು ಗಿರಗಿರ ತಿರುಗಿತು.

"ಓಡ್ತಾ ಇದೆಯಲ್ಲ ಮೇಡಂ?"

"ಇಲ್ಲಿ ಓಡುತ್ತೆ. ಮನೇಲಿ ಓಡಲ್ಲ."

"ಹಾಗಾದ್ರೆ ಮನೇದೇ ದೋಷ. ಅದಕ್ಕೆ ನನ್ನ ಹತ್ತಿರ ಕಾರ್ಡ್ ಇಲ್ಲ." ಅಂಗಡಿಯಲ್ಲಿದ್ದ ಇಬ್ಬರು ಗಿರಾಕಿಗಳು ಕಿಸಕ್ಕೆಂದರು. ಅವನಿಗೆ ಹುರುಪು ಬಂತು. "ಮನೇಲಿ ಇದನ್ನ ಯಾರು ನಡೆಸ್ತಾರೆ?"

"ನಾನೇ."

"ಅದೇ ಕೇಳಿದ್ದು. ಒಂದ್ಸಲ ಯಜಮಾನರನ್ನ ಕಳಿಸಿ, ಅವರಿಗೆ ಬಿಡಿಸಿ ಹೇಳ್ತೀನಿ."

"ಯಜಮಾನರು ವ್ಯಾನ್ ಓಡಿಸ್ತಾರೆ. ನಿಮ್ಮ ವ್ಯಾನ್ ಕೆಟ್ಟರೆ ಕಳಿಸ್ತೀನಿ," ಅಂದಳು. ಗಿರಾಕಿಗಳು ಈ ಸಲ ಬೇರೆ ಕಡೆ ತಿರುಗಿ ನಕ್ಕರು.

ಅಂಗಡಿಯವನು ನಗಲಿಲ್ಲ. ವೈರು ಕಿತ್ತ, ಡಬ್ಬದ ಹಿಂದೆ ಏನೋ ಒತ್ತಿ ಮುಚ್ಚಿದ. "ಕಳೆದ ಸಲ ಹೇಳಿದ್ದೇ ಈಗಲೂ ಹೇಳೋದು. ಮನೆಗೆ ಹೋಗಿ, ವೈರುಗಳನ್ನ ಮೊದಲಿದ್ದ ಹಾಗೇ ಜೋಡಿಸಿ. ಅದಕ್ಕಿಂತ ಏನೂ ಮಾಡಬೇಕಾಗಿಲ್ಲ."

ವೈರು ಜೋಡಿಸುವುದು ಮಾವನ ಕೆಲಸ. ಒಮ್ಮೆ ಸಿಡಿಲಿಗೆ ಟಿವಿ ಸುಟ್ಟುಹೋದ ಮೇಲೆ ಆ ಮನೆಯಲ್ಲಿ ಮೋಡ ಕಂಡರೆ ಮೊದಲು ಕೊಟ್ಟಿಗೆಗಲ್ಲ, ಕಂಪ್ಯೂಟರಿನ ಹಿಂದಕ್ಕೆ ಓಡುತ್ತಿದ್ದವರು ಮಾವ. ಒಂದೊಂದೇ ವೈರು ಕಿತ್ತು ನೆಲಕ್ಕೆ ಇಳಿಬಿಡುವರು. ಗುಡುಗು ದೂರವಾದ ಮೇಲೆ ಮತ್ತೆ ಜೋಡಿಸುವರು. ತಪ್ಪಬಾರದೆಂದು ಸೊಸೆಯ ಉಗುರುಬಣ್ಣದ ಶೀಶೆ ಕೇಳಿ ತೆಗೆದುಕೊಂಡು, ಪರದೆಯ ವೈರಿನ ತುದಿಗೊಂದು, ಅದು ಕೂರುವ ತೂತಿನ ಪಕ್ಕಕ್ಕೊಂದು ಕೆಂಪು ಬೊಟ್ಟು ಇಟ್ಟಿದ್ದರು. ಜಾತ್ರೆಗೆ ಹೊಡೆಯುವ ಕುರಿಗೂ ಯಾರೂ ಅಷ್ಟು ನೀಟಾಗಿ ಗುರುತು ಹಾಕಿರಲಿಕ್ಕಿಲ್ಲ. ಕಣ್ಣು ಮಂಜಾದರೂ ಆ ಕೆಂಪು ಅವರಿಗೆ ಕಾಣುತ್ತಿತ್ತು.

"ಏನಂದ ಆ ಮನುಷ್ಯ?" ಡಬ್ಬ ಕೆಳಗಿಡುತ್ತಿದ್ದಂತೆ ಮಾವ ಕೇಳಿದರು.

"ಮೊದಲಿದ್ದ ಹಾಗೇ ಜೋಡಿಸಬೇಕಂತೆ."

"ಅದನ್ನೇ ತಾನೇ ಮಾಡ್ತಿರೋದು? ನನ್ನ ಬೊಟ್ಟು ಎಲ್ಲಿಗೆ ಹೋಗುತ್ತೆ?" ಮಾವ ಮೊಣಕಾಲೂರಿ ಮೇಜಿನಡಿ ತೂರಿದರು. ಕೆಂಪಿಗೆ ಕೆಂಪು ಕೂಡಿತು.

ಕಟ್ಟಡ ಮತ್ತೆ ಬಾಗಿಲ ಹತ್ತಿರ ನಿಂತಿತು.

ಅವತ್ತಿನಿಂದ ಅವಳಿಗೆ ಊಟ ರುಚಿಸಲಿಲ್ಲ. ಕಾರ್ಡಿನ ಸಾಫ್ಟ್‌ವೇರ್ ಅಳಿಸಿ ಮತ್ತೆ ಹಾಕಿದಳು. ಡಬ್ಬ ಬಿಚ್ಚಿ ಧೂಳು ಒರೆಸಿದಳು. ಕರೆಂಟಿನ ಏರಿಳಿತ ಇರಬಹುದೆಂದು ಬೇರೆ ಕೋಣೆಯ ಪ್ಲಗ್ಗಿನಿಂದ ತಂತಿ ಎಳೆದಳು. ಏನು ಮಾಡಿದರೂ ನೀರಲ್ಲಿ ಹೋಮ. ಗಂಡ, "ಹೋಗ್ಲಿ ಬಿಡೇ, ಕೊಟ್ಟಿಗೆ ನಕ್ಷೆಗೆ ಹಳೇದೇ ಸಾಕಾಗಿತ್ತು," ಅಂದ. ಸಮಾಧಾನಕ್ಕೆ ಅಂದದ್ದೇ. ಆದರೆ ಅದು ಅಂಗಡಿಯವನ ನಗೆಗಿಂತ ಆಳಕ್ಕೆ ಚುಚ್ಚಿತು. ಕೊಟ್ಟಿಗೆಗೆ ಸಾಕು! ಹಾಗಾದರೆ ತಾನೂ ಕೊಟ್ಟಿಗೆಗೇ ಸಾಕು ತಾನೇ?

ಗುರುವಾರ ಬೆಳಿಗ್ಗೆ ಅವಳು ಬೇರೆ ದಾರಿ ಹಿಡಿದಳು. ಡಬ್ಬದೊಳಗೆ ಯಾವ ಭಾಗ ಎಷ್ಟು ದುಡಿಯುತ್ತಿದೆ ಎಂದು ತೋರಿಸುವ ಕಿಟಕಿಯನ್ನು ತೆರೆದು ಪಕ್ಕಕ್ಕಿಟ್ಟು, ಕಟ್ಟಡವನ್ನು ತಿರುಗಿಸಿದಳು. ಚಿತ್ರ ಮೂಡಿಸಲು ಮೊದಲಿನಿಂದ ಬೋರ್ಡಿನಲ್ಲೇ ಇದ್ದ ಸಣ್ಣ ಚಿಪ್‌ನ ಗೆರೆ ಮೇಲಕ್ಕೇರಿ ಏದುಸಿರು ಬಿಡುತ್ತಿತ್ತು. ಹೊಸ ಕಾರ್ಡಿನ ಮುಂದೆ ಸೊನ್ನೆ. ಇನ್ನೊಮ್ಮೆ ತಿರುಗಿಸಿದಳು. ಸೊನ್ನೆ.

"ಥೂ ಇದರ! ಮನೆ ಅಳಿಯನ ಹಾಗೆ ಕೂತು ತಿಂತಾ ಇದೆ," ಅಂದಳು ಜೋರಾಗಿ. "ಹಳೇದು ಪಾಪ ಒಂದೇ ಗೇಯ್ತಾ ಇದೆ!"

ಬಾಗಿಲಲ್ಲಿ ಹುಲ್ಲು ಸರಿಮಾಡುತ್ತಿದ್ದ ಮಾವ ಇಣುಕಿದರು. "ಯಾರಿಗೆ ಬೈತಿದೀಯ ತಾಯಿ?"

ಅವಳು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದಳು. ಹಳೆಯದು ಗೇಯುತ್ತಿದೆಯೆಂದರೆ ಚಿತ್ರ ಹೊರಗೆ ಬರುತ್ತಿರುವುದೂ ಹಳೆಯದರ ಬಾಗಿಲಿನಿಂದಲೇ ಇರಬೇಕು. ಪರದೆಯ ಬೆನ್ನಿನಿಂದ ವೈರನ್ನು ಬೆರಳಲ್ಲಿ ಸವರುತ್ತ, ಮೇಜಿನ ಕೆಳಗೆ ಇಳಿದು, ಡಬ್ಬದ ಹಿಂಭಾಗಕ್ಕೆ ಬಂದಳು. ಟಾರ್ಚಿನ ಬೆಳಕು ಬಿಟ್ಟಳು. ಕೆಂಪಿಗೆ ಕೆಂಪು, ಮಾವ ಕೂಡಿಸಿದ್ದು ಹಾಗೇ ಇತ್ತು. ಅದರ ಒಂದು ಗೇಣು ಕೆಳಗೆ ಹೊಸ ಕಾರ್ಡಿನ ಹೊಳೆಯುವ ಪಟ್ಟಿ. ಅದರಲ್ಲೂ ಅದೇ ಆಕಾರದ ತೂತುಗಳು, ಕಪ್ಪು ರಬ್ಬರಿನ ಮುಚ್ಚಳ ಹಾಕಿಕೊಂಡು. ಅಂಗಡಿಯವನು ವೈರು ಕಿತ್ತು ಒತ್ತಿ ಮುಚ್ಚಿದ್ದು ಇದನ್ನೇ.

ಉಗುರು ಹಾಕಿ ಮುಚ್ಚಳ ಕಿತ್ತಳು. ಎಲ್ಲ ಆರಿಸಿ, ವೈರನ್ನು ಅಲ್ಲಿಗೆ ಸಿಕ್ಕಿಸಿ, ಮತ್ತೆ ಹೊತ್ತಿಸಿದಳು. ಕಟ್ಟಡ ತೆರೆಯಿತು. ಮೌಸನ್ನು ಮುಟ್ಟಿದಳೋ ಇಲ್ಲವೋ, ಗೋಡೆ, ಕಿಟಕಿ, ಹಾಲು ಅಳೆಯುವ ಕಟ್ಟೆ ಎಲ್ಲ ಸುಯ್ಯನೆ ಸುತ್ತಿ ಬಂದವು.

ಮಾವ ನೋಡುತ್ತ ನಿಂತಿದ್ದರು. ನಗುತ್ತಾರೆ ಅಂದುಕೊಂಡಳು. ಅವರ ಮುಖ ಇಳಿದುಹೋಯಿತು.

"ಅಂದ್ರೆ ಇಷ್ಟು ದಿನ ಕೆಡಿಸ್ತಾ ಇದ್ದದ್ದು ನಾನು."

"ನೀವಲ್ಲ ಮಾವ."

"ನನ್ನ ಬೊಟ್ಟೇ ಅಲ್ವಾ? ಹೊಸ ಗೂಟ ನೆಟ್ಟಿದಾರೆ, ನಾನು ಹಳೇ ಗೂಟಕ್ಕೇ ಕಟ್ಟಿದೀನಿ."

"ಹೊಸ ಗೂಟ ನೆಟ್ಟವನು ಹೇಳಬೇಕಿತ್ತು! ಮೊದಲಿದ್ದ ಹಾಗೇ ಅಂತ ಒಂದ್ಸಲ ಅಲ್ಲ, ಎರಡು ಸಲ ಅಂದ. ನೀವು ಅವನು ಹೇಳಿದ್ದನ್ನ ಅಕ್ಷರ ತಪ್ಪದೆ ಮಾಡಿದ್ರಿ. ಮೊದಲಿದ್ದ ಹಾಗೇ ಇರಬೇಕು ಅಂದ್ರೆ ನಾನು ಕಾರ್ಡ್ ಯಾಕೆ ತಗೋತಿದ್ದೆ?" ಅವಳು ಆಗಲೇ ಅಂಗಡಿಗೆ ಫೋನ್ ಹಚ್ಚಿ, ಮಾವನಿಗೂ ಕೇಳಲೆಂದು ಸ್ಪೀಕರ್ ಹಾಕಿದಳು.

ಅಂಗಡಿಯವನು ಎಲ್ಲ ಕೇಳಿಸಿಕೊಂಡು ನಕ್ಕ. "ಅಯ್ಯೋ ಮೇಡಂ, ಪರದೆ ವೈರು ಹೊಸ ಕಾರ್ಡಿಗೇ ಹಾಕಬೇಕು ಅನ್ನೋದು ಎಲ್ಲರಿಗೂ ಗೊತ್ತಿರೋ ವಿಷಯ."

"ಎಲ್ಲರಿಗೂ ಗೊತ್ತಿದ್ರೆ, ನಿಮಗೆ ಮಾತ್ರ ಯಾಕೆ ನೆನಪಾಗಲಿಲ್ಲ? ಮನೇದು ದೋಷ ಅಂದ್ರಿ, ಯಜಮಾನರನ್ನ ಕಳಿಸಿ ಅಂದ್ರಿ. ವೈರು ಎಲ್ಲಿಗೆ ಹಾಕಿದೀರಿ ಅಂತ ಒಂದು ಮಾತು ಕೇಳಿದ್ರಾ?"

ಆ ಕಡೆ ಡ್ರಾಯರ್ ಎಳೆದು ಮುಚ್ಚಿದ ಸದ್ದಾಯಿತು.

"ಇಲ್ಲಿ ನಮ್ಮ ಮಾವ ತಪ್ಪು ತಮ್ಮದು ಅಂತ ಕೂತಿದಾರೆ. ಯಾರದು ಅಂತ ನೀವೇ ಹೇಳಿ."

"ಗಿರಾಕಿ ಬಂದ್ರು ಮೇಡಂ, ಆಮೇಲೆ ಮಾಡ್ತೀನಿ," ಅಂದು ಫೋನ್ ಇಟ್ಟ.

"ಹೇಳಲಿಲ್ಲ ನೋಡು," ಅಂದರು ಮಾವ.

"ಹೇಳಲ್ಲ. ಅವರಿಗೆ ಬಾಯಿರೋದು ನಗೋಕೆ."

ಅಷ್ಟರಲ್ಲಿ ಅಂಗಳ ತುಂಬಿತು. ಅಧ್ಯಕ್ಷರ ಹಿಂದೆ ಸಂಘದ ಹೆಂಗಸರು ಚಪ್ಪಲಿ ಬಿಟ್ಟು, ಸಗಣಿ ತೊಳೆದ ಒದ್ದೆ ಕೈಗಳನ್ನು ಸೆರಗಿಗೆ ಒರೆಸಿಕೊಳ್ಳುತ್ತ ಕೋಣೆಗೆ ನುಗ್ಗಿದರು. ನಕ್ಷೆಯಕ್ಕ ಅವರನ್ನು ಬಾಗಿಲಿನಿಂದ ಒಳಗೆ ಕರೆದೊಯ್ದಳು. ಕಟ್ಟಡ ಎಲ್ಲೂ ತಡೆಯಲಿಲ್ಲ. ಅಳೆಯುವ ಕಟ್ಟೆಯ ಹತ್ತಿರ ಬಂದಾಗ ಒಬ್ಬಳು, "ನಿಲ್ಲಿಸೇ, ನಿಲ್ಲಿಸೇ! ಈ ಕಟ್ಟೆ ನನ್ನ ಎದೆಮಟ್ಟ ಇದೆ. ತುಂಬಿದ ಕ್ಯಾನು ಅಲ್ಲಿಗೆ ಎತ್ತೋರು ಯಾರು, ಅಧ್ಯಕ್ಷರಾ?" ಅಂದಳು. ಎಲ್ಲರೂ ಗೊಳ್ಳೆಂದರು. ನಕ್ಷೆಯಕ್ಕ ಅಲ್ಲೇ ಕಟ್ಟೆಯನ್ನು ತಗ್ಗಿಸಿದಳು. ಇನ್ನೊಬ್ಬಳು ಕಿಟಕಿ ಈ ಕಡೆ ಬೇಕೆಂದಳು. ಅದೂ ಬಂತು.

"ಸರಿಯಮ್ಮ, ನೀನೇ ಮಾಡು," ಅಂದರು ಅಧ್ಯಕ್ಷರು ಹೊರಡುತ್ತ. "ಕೊನೆಗೂ ಆ ಅಂಗಡಿಯವನು ರಿಪೇರಿ ಮಾಡಿಕೊಟ್ಟ ಅನ್ನು. ಬುದ್ಧಿವಂತ ಬಿಡು."

ಅವಳ ಮೈ ಉರಿದುಹೋಯಿತು. ಬಾಯಿ ತೆರೆಯುವಷ್ಟರಲ್ಲಿ ಮೂಲೆಯಿಂದ ಮಾವನ ದನಿ ಬಂತು.

"ಅವನಲ್ಲ ಸ್ವಾಮಿ. ಕೆಡಿಸಿದವನು ಅವನು. ಸರಿ ಮಾಡಿದ್ದು ಇವಳು. ಊರಲ್ಲಿ ಹೇಳೋದಾದ್ರೆ ಹಾಗೇ ಹೇಳಿ, ತಿರುಗಾಮುರುಗಾ ಮಾಡಬೇಡಿ."

ಅಧ್ಯಕ್ಷರು ತಬ್ಬಿಬ್ಬಾಗಿ ತಲೆಯಾಡಿಸಿ ಹೋದರು.

ಸಂಜೆ ಬೆಟ್ಟದ ಕಡೆ ಮೋಡ ಕಟ್ಟಿತು. ಮಾವ ಬಂದು ವೈರುಗಳನ್ನು ಕಿತ್ತರು. ಆದರೆ ಎದ್ದು ಹೋಗಲಿಲ್ಲ. ಚಾಕುವಿನ ತುದಿಯಿಂದ ಹಳೆಯ ತೂತಿನ ಬಳಿಯ ಕೆಂಪನ್ನು ಕೆರೆದು, ಪುಡಿಯನ್ನು ಉಫ್ ಎಂದು ಊದಿ, ಮೇಜಿನಡಿಯಿಂದಲೇ ಕೈ ಹೊರಗೆ ಚಾಚಿದರು.

"ಆ ಶೀಶೆ ಕೊಡು ತಾಯಿ."

ಅವಳು ಶೀಶೆ ಅಲ್ಲಾಡಿಸಿ ನೋಡಿದಳು. ಬಣ್ಣ ತಳಕ್ಕೆ ಅಂಟಿತ್ತು. ಒಂದು ಬೊಟ್ಟಿಗೆ ಸಾಕಾಗುವಷ್ಟಿತ್ತು.