ಮೊದಲ ಪಂಪಿನ ಇನ್ನರ್ಧ

"ಕೈ ತೆಗಿಯೋ. ನಿಮ್ಮಪ್ಪ ಕೆತ್ತಿದ್ದೇನು ಅದನ್ನ?"

ಮಲಕಪ್ಪ ಸಾವಕಾರರು ಹೀಗಂದಾಗ ಬಂಗಲೆಯ ತುಂಬ ಅತಿಥಿಗಳಿದ್ದರು. ಕೆಲವರು ನಕ್ಕರು. ನಾನು ಏಣಿಯ ಮೇಲಿದ್ದೆ. ಗೋಡೆಯ ಮೇಲಿನ ಮರದ ತುಂಡು ವಾಲಿತ್ತು, ನೆಟ್ಟಗೆ ಮಾಡುತ್ತಿದ್ದೆ.

ಕೆತ್ತಿದ್ದು ನಮ್ಮಪ್ಪನೇ.

ಸಾವಕಾರರು ಇಂಡಿ ಕಡೆಯವರು. ಪುಣೆಗೆ ಬಂದು ಗುಮಾಸ್ತರಾಗಿ, ಆಮೇಲೆ ಭೋಸರಿಯಲ್ಲಿ ನೀರಿನ ಪಂಪು ಎರಕ ಹೊಯ್ಯುವ ಕಾರ್ಖಾನೆ ಹಾಕಿದರು. ಲಾಭ ಬಂದಂತೆ ಚಿತ್ರ ಕೊಂಡರು. ಮೊದಲ ಕೋಣೆಯಲ್ಲಿ ಎತ್ತು, ಬಾವಿಕಟ್ಟೆ, ಜೋಳ ಬೀಸುವ ಹೆಂಗಸರು. ಎರಡನೆಯದರಲ್ಲಿ ಬರೀ ಗುಡ್ಡ, ಮೋಡ, ಖಾಲಿ ರಸ್ತೆ. ತೊಂಬತ್ತಾರರಲ್ಲಿ ನಮ್ಮಪ್ಪನಂಥವರು ಮುಷ್ಕರ ಹೂಡಿದರು, ಸಾವಕಾರರು ಗೇಟಿಗೆ ಬೀಗ ಜಡಿದರು, ನಾನು ಏಳನೇ ಕ್ಲಾಸಿಗೇ ಸಾಲಿ ಬಿಟ್ಟೆ. ಆಮೇಲೆ ಅವರು ಕೊಂಡ ಒಂದು ಚಿತ್ರದಲ್ಲೂ ಮನುಷ್ಯರಿಲ್ಲ. ಎಲ್ಲಕ್ಕೂ ಮೊಳೆ ಹೊಡೆದವನು ನಾನು, ನೋಡಿದ್ದೇನೆ.

ಮೂರನೆಯ ಕೋಣೆ ಈ ವರ್ಷದ್ದು. ಎಂಟು ವರ್ಷದ ಹಿಂದೆ ಹಳೆಯ ಶೆಡ್ಡು ಕೆಡವಿ ಫ್ಲ್ಯಾಟು ಕಟ್ಟುವಾಗ ಸಿಕ್ಕ ಪ್ಯಾಟರ್ನುಗಳು. ಮರಳಲ್ಲಿ ಅಚ್ಚು ಮೂಡಿಸಲು ಸಾಗವಾನಿಯಲ್ಲಿ ಕೆತ್ತಿದ ಮಾದರಿಗಳು. ಪಾಲಿಶ್ ಹಚ್ಚಿ ತೂಗುಹಾಕಿಸಿದ್ದಾರೆ. ಕೆಳಗೆ ಚೀಟಿ: ಕಲಾವಿದರು ತಿಳಿದಿಲ್ಲ.

ನಾನು ನೆಟ್ಟಗೆ ಮಾಡುತ್ತಿದ್ದ ತುಂಡಿನ ಅಂಚಿನಲ್ಲಿ ಮೂರು ಗೀರುಗಳಿವೆ. ನಮ್ಮಪ್ಪನ ಗುರುತು. ಈಗ ಅವನ ಕೈಗಳು ನಡುಗುತ್ತವೆ, ಚಹಾದ ಕಪ್ಪು ಹಿಡಿಯಲಾರ. ಬೆಳಿಗ್ಗೆ ಹೊರಡುವಾಗ ಹೇಳಿದ್ದ: "ಬಾಬು, ಚೀಟ್ಯಾಗ ನನ್ನ ಹೆಸರು ಬರಸ್ತಾರೇನು ಕೇಳು. ಬ್ಯಾರೆ ಏನೂ ಬ್ಯಾಡ."

ಅತಿಥಿಗಳು ಮುಂದೆ ಸರಿದ ಮೇಲೆ ಸಾವಕಾರರ ಮಗಳು ಸಪ್ನಾಳನ್ನು ಕೇಳಿದೆ. ಚೀಟಿ ಮಾಡಿಸಿದವಳು ಅವಳೇ.

"ಅಕ್ಕಾರ, ಇದನ್ನ ಮಾಡಿದವರ ಹೆಸರು ಹಾಕಬಹುದೇನ್ರಿ?"

"ಎಲ್ಲಾ ಪ್ರಿಂಟ್ ಆಗಿ ಬಂದಾವಲ್ಲ ಬಾಬು."

ಸಾವಕಾರರಿಗೆ ಕೇಳಿಸಿತು. "ಮುನ್ನೂರು ಮಂದಿ ದುಡೀತಿದ್ದರು. ಯಾರ್‍ಯಾರ ಹೆಸರು ಹಾಕೂದು? ನನಗೇನು ಎಲ್ಲಾರೂ ನೆನಪದಾರೇನು?"

ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ, ಏಣಿಯ ಕಡೆ ಹೊರಳಿದೆ.

ಅವರು ಅತಿಥಿಗಳನ್ನು ಮತ್ತೆ ಅದೇ ತುಂಡಿನ ಮುಂದೆ ಕರೆತಂದರು. "ಇದು ನನ್ನ ಮೊದಲನೇ ಪಂಪು. ಇದರಿಂದನಽ ಎಲ್ಲಾ ಶುರು ಆತು. ಅರ್ಧ ಅಷ್ಟಽ ಅದ, ನೋಡ್ರಿ, ಜೋಡಸೂ ತೂತು ಇಲ್ಲೇ ಅದಾವ. ಇನ್ನರ್ಧಕ್ಕ ಎಂಟು ವರ್ಷ ಹುಡುಕೇನಿ. ಅದು ಬಂದರ ನನ್ನ ಕ್ವಾಣಿ ಪೂರಾ."

ಇನ್ನರ್ಧ ದಾಪೋಡಿಯಲ್ಲಿ ನಮ್ಮ ಮನೆಯಲ್ಲಿದೆ. ಸೀಳು ಬಿಟ್ಟಿದ್ದನ್ನು ರಿಪೇರಿ ಮಾಡಲು ಅಪ್ಪ ಮನೆಗೆ ತಂದಿದ್ದ. ಮರುದಿನ ಮುಷ್ಕರ ಶುರುವಾಯಿತು, ನಮಗೆ ಗೇಟು ಮತ್ತೆ ತೆರೆಯಲಿಲ್ಲ. ಅವ್ವ ಮಾನಮ್ಮ ಅದನ್ನು ನೀರಿನ ಡ್ರಮ್ಮಿನ ಮುಚ್ಚಳದ ಮೇಲೆ ಇಡುತ್ತಾಳೆ, ಬೆಕ್ಕು ತೆರೆಯದಿರಲಿ ಎಂದು. ಸೀಳನ್ನು ಅಪ್ಪ ಯಾವತ್ತೋ ಕೂಡಿಸಿದ್ದಾನೆ, ಕೈಯಾಡಿಸಿದರೂ ಗೊತ್ತಾಗುವುದಿಲ್ಲ.

ನಾನು ಏಣಿ ಮಡಚುತ್ತಿದ್ದೆ. ಸಾವಕಾರರು ನನ್ನನ್ನು ದಿಟ್ಟಿಸಿದರು.

"ಏ, ನೀ ಭೀಮಣ್ಣನ ಮಗ ಅಲ್ಲೇನು? ಪ್ಯಾಟರ್ನ್ ಭೀಮಣ್ಣ? ಹಂಗಿದ್ದರ ಅವಂಗ ಗೊತ್ತಿರ್ತದ. ಇನ್ನರ್ಧ ಎಲ್ಲಿ ಅದ?"

ಅವರಿಗೆ ಅಪ್ಪನ ಹೆಸರು ನೆನಪಿತ್ತು. ಚೀಟಿಯಲ್ಲಿ 'ತಿಳಿದಿಲ್ಲ' ಎಂದಿತ್ತು.

ಸಪ್ನಾ ಚೀಟಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು. ನಾನು ಡ್ರಿಲ್ಲಿನ ವೈರು ಸುತ್ತಿದೆ. ಮೊಳೆಯ ಡಬ್ಬಿ ಚೀಲಕ್ಕೆ ಹಾಕಿಕೊಂಡೆ.

"ನಿನಗಽ ಕೇಳಾಕತ್ತೀನಿ, ಕಿವಿ ಇಲ್ಲೇನು?"

ಏಣಿ ಹೆಗಲಿಗೇರಿಸಿದೆ. ಖಾಲಿ ರಸ್ತೆಗಳ ಕೋಣೆ ದಾಟಿ, ಜೋಳ ಬೀಸುವವರ ಕೋಣೆ ದಾಟಿ, ಗೇಟಿನ ಕಡೆ ನಡೆದೆ.