ಬೇಲಿಯಿಂದ ಇಪ್ಪತ್ತು ಹೆಜ್ಜೆ

ಶಾಲೆಯ ಸಭಾಂಗಣದಲ್ಲಿ ನಾಲ್ಕು ಮೇಜು ಜೋಡಿಸಿ ನಕ್ಷೆ ಹಾಸಿದ್ದರು. ನಮ್ಮ ಬಡಾವಣೆಯ ಬೆನ್ನಿಗಿದ್ದ ಸಂಶೋಧನಾ ಕೇಂದ್ರ ಮುಚ್ಚಿ ಆರು ವರ್ಷವಾಗಿತ್ತು. ಆ ಜಾಗದಲ್ಲಿ ಮನೆ, ಆಸ್ಪತ್ರೆ, ಮೈದಾನ ಮಾಡುತ್ತಾರಂತೆ. ಎಲ್ಲಿ ಏನು ಬೇಕೆಂದು ಜನರನ್ನೇ ಕೇಳುವ ಸಭೆ ಅದು. ಬೇಕಾದ ಕಡೆ ಹಸಿರು ಸ್ಟಿಕ್ಕರ್, ಬೇಡವಾದ ಕಡೆ ಕೆಂಪು.

ನನ್ನನ್ನು ಕರೆದುಕೊಂಡು ಹೋದವಳು ಮಗಳು. ಗ್ಯಾರೇಜಿನ ಮೇಲಿನ ಎರಡು ಕೋಣೆಯಲ್ಲಿ ಇಪ್ಪತ್ತಮೂರು ಮಕ್ಕಳನ್ನು ಇಟ್ಟುಕೊಂಡು ಶಿಶುವಿಹಾರ ನಡೆಸುತ್ತಾಳೆ. ಅಂಗಳವಿರುವ ಜಾಗ ಬೇಕೆಂದು ಎರಡು ವರ್ಷ ಕಚೇರಿಗಳಿಗೆ ಅಲೆದು ಚಪ್ಪಲಿ ಸವೆಸಿದ್ದಳು. ಈಗ ಸಿಕ್ಕಿತ್ತು.

"ನೋಡಪ್ಪ, ಇದೇ ನಮ್ಮ ಅಂಗಳ," ಎಂದು ನಕ್ಷೆಯ ಮೇಲೆ ಬೆರಳಿಟ್ಟಳು. ಆಗಲೇ ಅಲ್ಲಿ ಒಂದು ಹಿಡಿ ಹಸಿರು ಸ್ಟಿಕ್ಕರ್ ಅಂಟಿಸಿದ್ದರು.

"ಪಕ್ಕದಲ್ಲಿ ಕೆಂಪು ಗೀಟು ಎಳೆದಿದ್ದಾರಲ್ಲ, ಅದೇನಮ್ಮ?"

ಸ್ಟಿಕ್ಕರ್ ಹಂಚುತ್ತಿದ್ದ ಆಫೀಸಿನ ಹುಡುಗಿ ಉತ್ತರ ಕೊಟ್ಟಳು. "ಅದು ಹಳೇ ಗುಂಡಿಗಳ ಜಾಗ ತಾತ. ಆಗಿನ ಕಾಲದಲ್ಲಿ ಏನೇನೋ ಹೂತಿದ್ರಂತೆ. ಕಂಬಿ ಹಾಕಿ ಬಿಟ್ಬಿಡ್ತೀವಿ, ಯಾರೂ ಕಾಲಿಡಲ್ಲ. ಬೇಲಿಯಿಂದ ಇಪ್ಪತ್ತು ಹೆಜ್ಜೆ ಒಳಗೆ ಅಂತ ದಾಖಲೆ ಇದೆ, ಅಳೆದೇ ಗೀಟು ಎಳೆದಿದ್ದು. ಅಲ್ಲಿ ಮಣ್ಣೂ ಪರೀಕ್ಷೆ ಮಾಡಿಸಿದ್ವಿ. ಏನೂ ಸಿಗ್ಲಿಲ್ಲ, ಒಳ್ಳೇದೇ ಆಯ್ತು."

ಆ ಬೇಲಿ ಹಾಕಿದವನು ನಾನು.

ಮೂವತ್ತೊಂದು ವರ್ಷ ಅಲ್ಲಿ ಬೇಲಿ ಕೆಲಸ ಮಾಡಿದ್ದೇನೆ. ಬೀದಿಯವರು ನನ್ನನ್ನು ಕರೆಯುವುದೂ ಬೇಲಿ ಎಂದೇ. ಗುಂಡಿ ತೋಡಿದ್ದೂ ನಾವೇ. ಮೇಣ ಹಚ್ಚಿ ಮುಚ್ಚಿದ ತಗಡಿನ ಡಬ್ಬಿಗಳು ಕೈಗಾಡಿಯಲ್ಲಿ ಬರುತ್ತಿದ್ದವು. ಒಳಗೇನಿದೆ ಎಂದು ಅವರು ಹೇಳಲಿಲ್ಲ, ನಾವು ಕೇಳಲಿಲ್ಲ. ಜೊತೆಗಿದ್ದ ಉದ್ದಣ್ಣ ಒಮ್ಮೆ ಒಡೆದ ಡಬ್ಬಿಯನ್ನು ಬರಿಗೈಯಲ್ಲಿ ಎತ್ತಿದ. ತಿಂಗಳೊಳಗೆ ಅವನ ಉಗುರುಗಳು ಒಂದೊಂದೇ ಕಳಚಿದವು. ವರ್ಷ ತುಂಬುವ ಮೊದಲೇ ಅವನೂ ಹೋದ.

ಮರುವರ್ಷ ಬೇಲಿಗೆ ತುಕ್ಕು ಹಿಡಿದು, ಹೊಸ ಕಂಬ ನೆಡಲು ಹೇಳಿದರು. ಹಳೆಯ ಸಾಲಿನಲ್ಲಿ ಎಲ್ಲಿ ಹಾರೆ ಹಾಕಿದರೂ ಬಂಡೆ. ಯಾರೋ ದೊಡ್ಡವರು ನೋಡಲು ಬರುವ ದಿನ ಹತ್ತಿರವಿತ್ತು, ನನ್ನ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು. ಹೊರಗಡೆ ಹನ್ನೆರಡು ಹೆಜ್ಜೆ ಸರಿದರೆ ಮಣ್ಣು ಬೆಣ್ಣೆಯಂತಿತ್ತು. ಅಲ್ಲೇ ನೆಟ್ಟೆ. ಮೇಸ್ತ್ರಿ ಬಂದು ನೋಡಿ, "ಜಾಗ ಹೆಚ್ಚಾಯ್ತಲ್ಲ, ಕಮ್ಮಿ ಆಗ್ಲಿಲ್ವಲ್ಲ," ಎಂದು ನಕ್ಕು ಹೋದ. ಯಾವ ಕಾಗದದಲ್ಲೂ ಅದು ಸೇರಲಿಲ್ಲ.

ಅಂದರೆ ಕೆಂಪು ಗೀಟಿನೊಳಗೆ ಏನೂ ಇಲ್ಲ. ಅಲ್ಲಿಂದ ಹನ್ನೆರಡು ಹೆಜ್ಜೆ ಒಳಗೆ, ಮಗಳ ಅಂಗಳದ ನಟ್ಟನಡುವೆ ಇದೆ.

ಮಗಳು ಯಾರೊಡನೆಯೋ ನಗುತ್ತಿದ್ದಳು. ನಾನು ಆ ಹುಡುಗಿಯ ಬಳಿಗೆ ಹೋಗಿ, "ತಾಯಿ, ಬೇಲಿ ಅಲ್ಲಿರಲಿಲ್ಲ," ಎಂದೆ.

"ಹೌದಾ ತಾತ? ತುಂಬಾ ಚೆನ್ನಾಗಿದೆ, ಇದರಲ್ಲಿ ಬರೆದುಕೊಡಿ," ಎಂದು ಹಳದಿ ಚೀಟಿ ಕೈಗಿಟ್ಟಳು.

ಮೂರನೇ ತರಗತಿಯ ಅಕ್ಷರ ನನ್ನದು. 'ಬೇಲಿ ಸರಿಸಿದ್ದು ನಾನು. ಗುಂಡಿ ಅಲ್ಲಿ ಇಲ್ಲ. ಮಕ್ಕಳ ಜಾಗದಲ್ಲಿ ಇದೆ' ಎಂದು ಬರೆದುಕೊಟ್ಟೆ. ಅವಳು ಅದನ್ನು ಓದಿದಳೋ ಇಲ್ಲವೋ, ಗೋಡೆಯ ಹಲಗೆಗೆ ಚುಚ್ಚಿದಳು. ಹಲಗೆಯ ಮೇಲೆ ದಪ್ಪ ಅಕ್ಷರದಲ್ಲಿ 'ಹಿರಿಯರ ನೆನಪುಗಳು' ಎಂದಿತ್ತು. ಪಕ್ಕದ ಚೀಟಿಯಲ್ಲಿ ಯಾರೋ ಮಧ್ಯಾಹ್ನದ ಸೈರನ್ ಬಗ್ಗೆ ಬರೆದಿದ್ದರು.

ನಮ್ಮ ಬೀದಿಯ ದರ್ಜಿ ಕನ್ನಡಕ ಏರಿಸಿಕೊಂಡು ಓದಿದ. "ಏನಯ್ಯಾ ಬೇಲಿ, ಈ ವಯಸ್ಸಲ್ಲಿ ಕತೆ ಕಟ್ಟೋಕೆ ಶುರು ಮಾಡಿದ್ದೀಯಾ? ಹೆದರಿಸೋದು ಚೆನ್ನಾಗಿ ಬರುತ್ತೆ ನಿಂಗೆ!"

"ಕತೆ ಅಲ್ಲವೋ," ಎಂದೆ.

ಅಷ್ಟರಲ್ಲಿ ವೇದಿಕೆಯ ಮೇಲೆ ದೊಡ್ಡ ಇಂಜಿನಿಯರು ಮೈಕು ಹಿಡಿದರು. "ಮೊದಲ ಕೆಲಸ ಶಿಶುವಿಹಾರದಿಂದಲೇ. ಬರೋ ವಾರ ಮಕ್ಕಳ ಕೈಲೇ ಗಿಡ ನೆಡಿಸೋಣ," ಎಂದರು. ಚಪ್ಪಾಳೆ ಬಿತ್ತು.

ನಾನು ಯಾವ ಸಭೆಯಲ್ಲೂ ಎದ್ದು ನಿಂತವನಲ್ಲ. ಮಗಳ ಕನಸಿಗೆ ನಾನೇ ಕಲ್ಲು ಹಾಕಬೇಕೆ? ಹಾಳಾಗಿ ಹೋಗಲಿ, ಎದ್ದೆ.

"ಸ್ವಾಮೀ, ಅಲ್ಲಿ ಗಿಡ ನೆಡಬೇಡಿ. ಡಬ್ಬಿ ಹೂತಿರೋದು ಅಲ್ಲೇ."

"ಅಪ್ಪಾ, ಕೂತ್ಕೋ," ಎಂದು ಮಗಳು ತೋಳು ಜಗ್ಗಿದಳು. ಅವಳ ಮುಖ ನೋಡಲಾಗಲಿಲ್ಲ.

"ಯಜಮಾನ್ರೇ, ನಮ್ಮ ಹತ್ರ ದಾಖಲೆ ಇದೆ," ಎಂದರು ಇಂಜಿನಿಯರು.

"ದಾಖಲೆ ಬರೆದವರು ಹಳೇ ಬೇಲಿಯಿಂದ ಅಳೆದ್ರು. ನೀವು ಅಳೆದದ್ದು ನನ್ನ ಬೇಲಿಯಿಂದ. ನಡುವೆ ಹನ್ನೆರಡು ಹೆಜ್ಜೆ ಇದೆ. ಬಂಡೆ ಸಿಕ್ತು ಅಂತ ಸರಿಸಿಬಿಟ್ಟೆ. ತಪ್ಪು ನಂದೇ. ಅಲ್ಲಿ ಅಗೆದು ನೋಡಿ, ನಿಮ್ಮ ಪರೀಕ್ಷೆಯವರನ್ನ ಕರೀರಿ. ಮಕ್ಕಳನ್ನ ಮಾತ್ರ ಬಿಡಬೇಡಿ."

ಇಂಜಿನಿಯರು ಮೈಕು ಕೆಳಗಿಟ್ಟು ನಕ್ಷೆಯ ಹತ್ತಿರ ಬಂದರು. ಆಫೀಸಿನ ಹುಡುಗಿ ಹಲಗೆಯಿಂದ ನನ್ನ ಚೀಟಿ ಕಿತ್ತು, ಈಗ ನಿಧಾನವಾಗಿ ಓದುತ್ತಿದ್ದಳು. ದರ್ಜಿ ನಗಲಿಲ್ಲ.

ನನ್ನ ತೋಳಿನ ಮೇಲಿದ್ದ ಮಗಳ ಕೈ ಸಡಿಲವಾಯಿತು. ಬೈಯುತ್ತಾಳೆ ಎಂದುಕೊಂಡೆ.

"ಅಪ್ಪ, ಎಷ್ಟು ಆಳ ಹೂತಿದ್ರಿ?"

"ಆಳುದ್ದ ಹೂಳಬೇಕು ಅಂತ ಅಪ್ಪಣೆ ಇತ್ತು. ಕೊನೆಕೊನೆಗೆ ಬಂಡೆ ಸಿಕ್ಕ ಕಡೆ ಮೊಣಕಾಲುದ್ದ."

"ಮೊನ್ನೆ ಗುರುವಾರ ಜಾಗ ತೋರಿಸೋಕೆ ಮಕ್ಕಳನ್ನ ಕರ್ಕೊಂಡು ಹೋಗಿದ್ದೆ," ಎಂದಳು. "ಕೋಲು ತಗೊಂಡು ಗುಂಡಿ ತೋಡಿ ಆಟ ಆಡಿದ್ರು. ಒಂದು ಗಂಟೆ. ಆಡ್ಲಿ ಅಂತ ಬಿಟ್ಟಿದ್ದೆ. ಮಣ್ಣಲ್ಲಿ ಏನೋ ಹೊಳೀತಿದೆ ಟೀಚರ್ ಅಂತ ಒಬ್ಬಳು ಓಡಿ ಬಂದಿದ್ಳು. ಜೇಬಲ್ಲಿ ಹಾಕ್ಕೊಂಡಳು. ನಾನು ನೋಡ್ಲೇ ಇಲ್ಲ."

ಅವಳು ಫೋನು ತೆಗೆದಳು. ಎರಡು ಸಲ ತಪ್ಪು ನಂಬರ್ ಒತ್ತಿದಳು. ಮೂರನೆಯ ಸಲ ಆ ಕಡೆ ಆ ಮಗುವಿನ ತಾಯಿಯ ನಗುವ ದನಿ ಕೇಳಿಸಿತು. "ಹೇಳಿ ಟೀಚರ್, ಏನು, ನಾಳೆ ರಜಾನಾ?"

ಮಗಳು ಫೋನನ್ನು ನನ್ನ ಕಡೆ ಚಾಚಿದಳು.

ತೆಗೆದುಕೊಂಡೆ. "ನಾನು ಟೀಚರಮ್ಮನ ಅಪ್ಪ ಮಾತಾಡ್ತಿರೋದು ತಾಯಿ. ಗಾಬರಿ ಆಗಬೇಡಿ. ಮಗು ಎಲ್ಲಿದೆ? ಕೈ ನೋಡಿ, ಉಗುರು ನೋಡಿ."